ಕೋಳಿ ಮರಿ ಮಾಡಿಸುವ ಪೆಟ್ಟಿಗೆಯಲ್ಲಿ ಉಡದ ಮೊಟ್ಟೆ ಇಡಬಹುದಾ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ. ನಿನ್ನೆ, ಅಂದರೆ ನವೆಂಬರ್ ಕೊನೆಯ ವಾರ, ಮನೆ ಹಿಂದಿನ ಗುಡ್ಡೆಯ ಅಂಚನ್ನು ಜೆಸಿಬಿಯಲ್ಲಿ ತೆಗೆಸುತ್ತಿದ್ದೆವು. ಹಳೆಯ ಹುತ್ತದ ಬುಡ ಒಡೆದಾಗ ಒಳಗೆ 19 ಬಿಳಿ ಮೊಟ್ಟೆ ಕಂಡವು. ಎರಡು ಒಡೆದುಹೋದವು. ಉಳಿದ 17ನ್ನು ಅದೇ ಮಣ್ಣಿನ ಜೊತೆ ಬಕೆಟ್‌ನಲ್ಲಿ ಇಟ್ಟಿದ್ದೇನೆ. ಅಮ್ಮ ಹಾವಿನ ಮೊಟ್ಟೆ ಎನ್ನುತ್ತಾರೆ, ಕೆಲಸಕ್ಕೆ ಬಂದವರು ಉಡದ್ದು ಎನ್ನುತ್ತಾರೆ. ನನ್ನ ಹತ್ತಿರ ನಾಟಿ ಕೋಳಿ ಮರಿ ಮಾಡಿಸುವ ಇನ್‌ಕ್ಯುಬೇಟರ್ ಇದೆ. ಅದರಲ್ಲಿಟ್ಟರೆ ಮರಿ ಆಗುತ್ತದಾ? ಮುಂದೆ ಒಂದು ಜೋಡಿ ಉಡ ಸಾಕಿ ಮರಿ ಮಾಡಿಸಲು ಪರವಾನಗಿ ಸಿಗುತ್ತದಾ?

ಉತ್ತರ: ದಯವಿಟ್ಟು ಆ ಇನ್‌ಕ್ಯುಬೇಟರ್‌ನಲ್ಲಿ ಇಡಬೇಡಿ. ಇವತ್ತೇ ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಬಕೆಟ್ ಈಗ ಹೇಗಿದೆಯೋ ಹಾಗೇ ಇರಲಿ. ಮೊಟ್ಟೆ ಎತ್ತಿ ನೋಡಬೇಡಿ, ತಿರುಗಿಸಬೇಡಿ, ತೊಳೆಯಲೇಬೇಡಿ. ಮೇಲೆ ಕಾಣುವ ಮೊಟ್ಟೆಗಳ ನೆತ್ತಿಗೆ ಪೆನ್ಸಿಲ್‌ನಲ್ಲಿ ಮೆಲ್ಲಗೆ ಒಂದು ಗುರುತು ಹಾಕಿ. ಪೆನ್ನು, ಪೇಂಟ್ ಬೇಡ. ಒಡೆದ ಎರಡು ಮೊಟ್ಟೆಯ ಲೋಳೆ ಬೇರೆ ಮೊಟ್ಟೆಗೆ ತಾಗಿದ್ದರೆ ಅಲ್ಲಿ ಒಂದು ಹಿಡಿ ಒಳ್ಳೆಯ ಮಣ್ಣು ಹಾಕಿ ಬೇರೆ ಮಾಡಿ. ಅದರ ವಾಸನೆಗೆ ಇರುವೆಯೂ ನೊಣವೂ ಬರುತ್ತವೆ. ಬಕೆಟನ್ನು ಮನೆಯೊಳಗೆ ನೆರಳಿನ ಮೂಲೆಯಲ್ಲಿಡಿ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಮಾಡುತ್ತೀರಲ್ವಾ, ಹಾಗೆ ಒಂದು ದೊಡ್ಡ ತಟ್ಟೆಯಲ್ಲಿ ನೀರು ಹಾಕಿ ಅದರ ಮಧ್ಯೆ ಇಟ್ಟರೆ ಇರುವೆ ಹತ್ತುವುದಿಲ್ಲ. ಮುಚ್ಚಳ ಬಿಗಿಯಾಗಿ ಹಾಕಬೇಡಿ. ತೆಳು ಬಟ್ಟೆ ಮುಚ್ಚಿದರೆ ಸಾಕು. ನೀರು ಸುರಿಯಬೇಡಿ.

ಇಷ್ಟಾದ ಮೇಲೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಇಲಾಖೆಯ ಸಹಾಯವಾಣಿ 1926. ನಿಮ್ಮ ವಲಯ ಅರಣ್ಯ ಕಚೇರಿಗೆ ನೇರವಾಗಿ ಹೋದರೂ ಆಗುತ್ತದೆ. ನಾಳೆ ನಾಡಿದ್ದು ಎನ್ನಬೇಡಿ. ಕಾಡುಪ್ರಾಣಿಯೋ ಅದರ ಮೊಟ್ಟೆಯೋ ಯಾವ ಕಾರಣಕ್ಕಾದರೂ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು ಎಂದು ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅರ್ಧ ಸಮಯ ಆಗಲೇ ಮುಗಿದಿದೆ. ನೀವು ತಪ್ಪು ಮಾಡಿದ್ದೀರಿ ಎಂದು ಹೇಳುತ್ತಿಲ್ಲ. ಜೆಸಿಬಿಯ ಬಾಯಿಂದ 17 ಮೊಟ್ಟೆ ಉಳಿಸಿದ್ದೀರಿ, ಅದೂ ಅದೇ ಮಣ್ಣಿನ ಸಮೇತ. ಎಷ್ಟೋ ಜನ ಹಾವಿನದು ಎಂದು ಅಲ್ಲೇ ಜಜ್ಜಿಬಿಡುತ್ತಾರೆ.

ಹಾವಿನದೋ ಉಡದ್ದೋ ಎಂಬ ಮಾತಿಗೆ ಬರೋಣ. ನಿಮ್ಮ ಅಮ್ಮ ಹೆದರಿದ್ದು ಸರಿಯೇ. ನಮ್ಮ ಕಡೆ ಹುತ್ತ ಎಂದರೆ ನಾಗ. ತುಳುವಿನಲ್ಲಿ ಪುಂಚ ಎಂದರೂ ಅದೇ ಭಕ್ತಿ, ಅದೇ ಭಯ. ಆದರೆ ನೀವು ಹೇಳಿದ ತಿಂಗಳನ್ನು ನೋಡಿ. ನಾಗರ, ಕೇರೆ ಹಾವುಗಳು ಸಾಮಾನ್ಯವಾಗಿ ಬೇಸಗೆಯಿಂದ ಮಳೆ ಹಿಡಿಯುವ ಹೊತ್ತಿನೊಳಗೆ ಮೊಟ್ಟೆ ಇಡುತ್ತವೆ. ನಾಗರನ ಮೊಟ್ಟೆ ಒಡೆಯಲು ಎರಡು ತಿಂಗಳು ಸಾಕು. ನವೆಂಬರ್ ಕೊನೆಗೆ ಇನ್ನೂ ಒಡೆಯದ ಮೊಟ್ಟೆ ಮಣ್ಣಿನೊಳಗೆ ಇದೆ ಎಂದರೆ ಅದು ಹಾವಿನದ್ದಾಗುವ ಸಂಭವ ತೀರಾ ಕಡಿಮೆ. ಉಡ ಇಡುವುದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಮರಿ ಹೊರಬರಲು 168ರಿಂದ 254 ದಿನ ಬೇಕು. ಐದೂವರೆ ತಿಂಗಳಿಂದ ಎಂಟು ತಿಂಗಳು! ಹಾಗಾಗಿ ನವೆಂಬರ್‌ನಲ್ಲಿ ಅವು ಅರ್ಧ ದಾರಿಯಲ್ಲಿರುತ್ತವೆ. ಇನ್ನೊಂದು ಗುರುತು: ಹಾವಿನ ಮೊಟ್ಟೆಗಳು ಸಾಮಾನ್ಯವಾಗಿ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿರುತ್ತವೆ. ಉಡದ್ದು ಬಿಡಿಬಿಡಿ. ಸುಮಾರು ಎರಡು ಇಂಚು ಉದ್ದ, ಸಿಪ್ಪೆ ಕೋಳಿ ಮೊಟ್ಟೆಯ ಹಾಗೆ ಗಟ್ಟಿಯಲ್ಲ, ಒದ್ದೆ ಚರ್ಮದ ಹಾಗೆ. ಒಂದು ಸಲಕ್ಕೆ ಇಪ್ಪತ್ತರ ಆಸುಪಾಸು ಇಡುವುದು ಮಾಮೂಲು. ನಿಮ್ಮ 19 ಅದಕ್ಕೂ ಸರಿಹೊಂದುತ್ತದೆ. ಕೆಲಸಕ್ಕೆ ಬಂದವರ ಮಾತೇ ನಿಜ ಇರಬೇಕು. ಆದರೆ ಏಪ್ರಿಲ್‌ನಿಂದ ಜುಲೈವರೆಗೆ ಯಾರಿಗಾದರೂ ಹುತ್ತದಲ್ಲಿ ಮೊಟ್ಟೆ ಕಂಡರೆ ಕೈ ಹಾಕಬೇಡಿ. ತಾಯಿ ನಾಗರ ಅಲ್ಲೇ ಸುತ್ತಮುತ್ತ ಇರಬಹುದು.

ಈಗ ಇನ್‌ಕ್ಯುಬೇಟರ್ ಯಾಕೆ ಬೇಡ ಎಂದು. ಕೋಳಿ ಸಾಕುವವರಾದ್ದರಿಂದ ನಿಮಗೆ ಬೇಗ ಅರ್ಥ ಆಗುತ್ತದೆ.

ಕೋಳಿ ಮೊಟ್ಟೆಗೆ 37.5 ಡಿಗ್ರಿ ಶಾಖ ಬೇಕು. ದಿನಕ್ಕೆ ಹಲವು ಸಲ ತಿರುಗಿಸಬೇಕು, ನಿಮ್ಮ ಯಂತ್ರ ಅದನ್ನು ತಾನೇ ಮಾಡುತ್ತಿರಬಹುದು. 21 ದಿನದಲ್ಲಿ ಮರಿ. ಆ ಹೊತ್ತಿಗೆ ಮೊಟ್ಟೆ ಒಳಗಿನ ನೀರು ಸ್ವಲ್ಪ ಆರಿ ಹಗುರ ಆಗಿರುತ್ತದೆ. ಉಡದ ಮೊಟ್ಟೆಗೆ ಇದೆಲ್ಲ ತಿರುವುಮುರುವು. ಅದಕ್ಕೆ 28ರಿಂದ 30 ಡಿಗ್ರಿ. 37 ಡಿಗ್ರಿಯಲ್ಲಿ ಒಳಗಿನ ಭ್ರೂಣ ಬೆಂದುಹೋದ ಹಾಗೆಯೇ. ತಿರುಗಿಸಿದರೆ ಸಾಯುತ್ತದೆ. ಕೋಳಿ ಮೊಟ್ಟೆಯ ಒಳಗೆ ಹಳದಿಯನ್ನು ಎರಡು ಕಡೆಯಿಂದ ಹಿಡಿದಿಡುವ ಬಿಳಿ ಎಳೆ ಇರುತ್ತದೆ, ನೋಡಿರುತ್ತೀರಿ. ಉಡ, ಹಾವು, ಆಮೆಗಳ ಮೊಟ್ಟೆಯಲ್ಲಿ ಅದಿಲ್ಲ. ಇಟ್ಟು ಒಂದು ದಿನ ಆಗುವಷ್ಟರಲ್ಲಿ ಭ್ರೂಣ ಮೇಲುಗಡೆಯ ಸಿಪ್ಪೆಯ ಒಳಮೈಗೆ ಅಂಟಿಕೊಳ್ಳಲು ಶುರುಮಾಡುತ್ತದೆ. ಆಮೇಲೆ ತಿರುಗಿಸಿದರೆ ಹಳದಿಯ ಭಾರ ಅದರ ಮೇಲೆ ಬೀಳುತ್ತದೆ. ಪೆನ್ಸಿಲ್ ಗುರುತು ಹಾಕಲು ಹೇಳಿದ್ದು ಅದಕ್ಕೇ. ಮತ್ತೆ, ಉಡದ ಮೊಟ್ಟೆ ದಿನ ಹೋದಂತೆ ಹಗುರ ಆಗುವುದಿಲ್ಲ, ಭಾರ ಆಗುತ್ತದೆ. ಸುತ್ತಲಿನ ಮಣ್ಣಿನ ತೇವವನ್ನು ಹೀರಿಕೊಂಡು ಉಬ್ಬುತ್ತದೆ.

ಹಾಗಾದರೆ ನಿಮ್ಮ ಬಕೆಟ್‌ನ ಮೊಟ್ಟೆಗಳು ಆಗಲೇ ತಿರುಗಿ ಸತ್ತಿರಬಹುದಾ? ಕೆಲವು ಹೋಗಿರಬಹುದು. ಎಲ್ಲವೂ ಹೋಗಿರುವುದಿಲ್ಲ. ಒಂದು ಸಲ ಮಗುಚಿದ ಮಾತ್ರಕ್ಕೆ ಎಲ್ಲ ಮುಗಿಯಿತು ಎಂದು ನಾನು ಯಾವತ್ತೂ ಕೈಬಿಟ್ಟಿಲ್ಲ. ಸರಿಮಾಡಲು ಹೋಗಿ ಇನ್ನೊಂದು ಸಲ ಮಗುಚುವುದೇ ಹೆಚ್ಚು ಕೇಡು. ಕೋಳಿ ಮೊಟ್ಟೆಗೆ ಟಾರ್ಚ್ ಹಿಡಿದು ನೋಡುವ ಹಾಗೆ ಇದನ್ನೂ ನೋಡಬಹುದು. ಕತ್ತಲೆಯಲ್ಲಿ ಬೆಳಕು ಹಿಡಿದಾಗ ನಸುಗೆಂಪು ಬಣ್ಣ, ರಕ್ತನಾಳದ ಗೆರೆ ಕಂಡರೆ ಜೀವ ಇದೆ. ಬರೀ ಹಳದಿ ಹೊಳಪು ಇದ್ದರೆ ಭ್ರೂಣ ಕಟ್ಟದ ಮೊಟ್ಟೆ. ಆದರೆ ಈ ಪರೀಕ್ಷೆ ನೀವು ಮಾಡಬೇಡಿ. ಬಂದು ಒಯ್ಯುವವರಲ್ಲಿ ತಿಳಿದವರು ಮಾಡಲಿ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಚಿಕ್ಕದು. ಇಲ್ಲ, ಸಿಗುವುದಿಲ್ಲ. ಭಾರತದಲ್ಲಿ ನಾಲ್ಕು ಬಗೆಯ ಉಡಗಳಿವೆ. ನಮ್ಮ ತೋಟ, ಗುಡ್ಡೆಗಳಲ್ಲಿ ಕಾಣುವುದು ಬೆಂಗಾಲ್ ಮಾನಿಟರ್ ಎಂದು ಹೆಸರಿರುವ ಸಾಮಾನ್ಯ ಉಡ. ಉಳಿದವು ನೀರುಡ, ಹಳದಿ ಉಡ, ಮರುಭೂಮಿ ಉಡ. ನಾಲ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಉಡಕ್ಕೂ ಇದೆ. ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಅಲ್ಲ. ಸರೀಸೃಪಗಳ ಮೊಟ್ಟೆ ಹಾಳುಮಾಡುವುದು, ಗೂಡನ್ನು ಕದಡುವುದು ಕೂಡ ಬೇಟೆಯೇ. 2022ರ ತಿದ್ದುಪಡಿಯ ನಂತರ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಮರಿ ಮಾಡಿಸುವ ಕೆಲಸ ಮಾನ್ಯತೆ ಪಡೆದ ಮೃಗಾಲಯಗಳದ್ದು, ಅದೂ ಅನುಮತಿ ಇದ್ದರೆ. ಆಫ್ರಿಕಾದ ಸವಾನ್ನಾ ಉಡದಂಥ ಹೊರದೇಶದ ಉಡಗಳನ್ನು ಸಾಕುವವರು ಇದ್ದಾರೆ. ಅವಕ್ಕೂ 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು, ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ದಾಖಲೆ ಇಲ್ಲದೆ ಮಾರುವವರ ಹತ್ತಿರ ಹೋಗಬೇಡಿ.

ಕಾನೂನು ಇಷ್ಟು ಬಿಗಿ ಯಾಕೆ ಎಂದು ಕೆಲವರು ಕೇಳುತ್ತಾರೆ. ಈ ಪ್ರಾಣಿಯ ಮೇಲೆ ನಮ್ಮ ಜನರ ಕೈ ಅಷ್ಟು ಬಿದ್ದಿದೆ. ಸೊಂಟ ನೋವಿಗೆ ಎಂದು ಎಣ್ಣೆ, ಶಕ್ತಿಗೆ ಎಂದು ಮಾಂಸ, ಖಂಜೀರಕ್ಕೆ ಚರ್ಮ. ಹತ್ತಾ ಜೋಡಿ ಎಂಬ ಅದೃಷ್ಟದ ಬೇರು ಎಂದು ಮಾರುವುದು ಎಷ್ಟೋ ಸಲ ಬೇರೇ ಅಲ್ಲ, ಗಂಡು ಉಡದ ಜನನಾಂಗ ಒಣಗಿಸಿದ್ದು. ಇದರಲ್ಲಿ ಯಾವುದಕ್ಕೂ ಔಷಧಿ ಗುಣ ಇಲ್ಲ. ಉಡಕ್ಕೆ ಮಾತ್ರ ಜೀವ ಹೋಗುತ್ತದೆ.

ಇನ್ನು ನನಗೆ ತುಂಬಾ ಇಷ್ಟದ ಭಾಗ. ನೀವು ಕೇಳಿದ್ದು ಯಂತ್ರದ ಬಗ್ಗೆ. ನಾನು ಹೇಳಬೇಕೆಂದಿರುವುದು ಮಣ್ಣಿನ ಬಗ್ಗೆ. ಉಡದ ಸಂತಾನ ನಿಂತಿರುವುದು ತಾಯಿ ಆರಿಸಿದ ಮಣ್ಣಿನ ಮೇಲೆ. ಮೃಗಾಲಯದ ಇನ್‌ಕ್ಯುಬೇಟರ್ ಎಂದರೆ ಆ ಮಣ್ಣಿನ ಒಂದು ನಕಲು, ಅಷ್ಟೇ. ಮೂಲ ಗೊತ್ತಿಲ್ಲದೆ ನಕಲು ಮಾಡಲು ಆಗುವುದಿಲ್ಲ.

ನಿಮ್ಮ ಗುಡ್ಡೆಯನ್ನೇ ತಗೊಳ್ಳಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್, ಜುಲೈ, ಆಗಸ್ಟ್‌ನಲ್ಲೇ ಸುರಿಯುತ್ತದೆ. ಅಂಥ ಮಳೆಯಲ್ಲಿ ಉಡ ಗದ್ದೆಯ ಬದಿಯಲ್ಲೋ ತೋಟದ ತಗ್ಗಿನಲ್ಲೋ ಮೊಟ್ಟೆ ಇಟ್ಟರೆ ನೀರು ನಿಂತು ಕೊಳೆಯುತ್ತದೆ. ಹಾಗಾಗಿ ಇಳಿಜಾರು ಹುಡುಕುತ್ತದೆ. ಹುತ್ತ ಸಿಕ್ಕರೆ ಇನ್ನೂ ಒಳ್ಳೆಯದು. ಗೆದ್ದಲು ಕಟ್ಟಿದ ಗೋಡೆಯೊಳಗೆ ಮಳೆ ನೀರು ಇಳಿಯುವುದಿಲ್ಲ, ಬೇಸಗೆಯಲ್ಲಿ ತೇವ ಆರುವುದಿಲ್ಲ. ಉಡ ತೋಡಿದ ತೂತನ್ನು ಗೆದ್ದಲು ತಾನೇ ಮುಚ್ಚಿ ಗಟ್ಟಿಮಾಡುತ್ತದೆ. ಆಫ್ರಿಕಾದ ನೈಲ್ ಉಡವೂ ಇದೇ ಉಪಾಯ ಮಾಡುತ್ತದೆ. ನಮ್ಮ ಉಡ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ಮೂತಿಯಿಂದ ಒತ್ತಿ ಗಟ್ಟಿಮಾಡುತ್ತದೆ. ಅಷ್ಟಕ್ಕೆ ಬಿಡುವುದಿಲ್ಲ. ಪಕ್ಕದಲ್ಲಿ ಒಂದೆರಡು ಸುಳ್ಳು ಗುಂಡಿಗಳನ್ನೂ ತೋಡಿ ಮುಚ್ಚುತ್ತದೆ. ಕದಿಯಲು ಬಂದವರು ಖಾಲಿ ಗುಂಡಿ ಕೆದಕಿ ಹೋಗಲಿ ಎಂದು.

ಆಳದ ಮಾತು ಇನ್ನೂ ಚೆನ್ನಾಗಿದೆ. ಮಣ್ಣಿನಲ್ಲಿ ಒಂದೂವರೆ, ಎರಡು ಅಡಿ ಕೆಳಗೆ ಹೋದರೆ ಹಗಲು ರಾತ್ರಿಯ ವ್ಯತ್ಯಾಸವೇ ತಿಳಿಯುವುದಿಲ್ಲ. ಮೇಲೆ ಮುರಕಲ್ಲಿನ ಮೇಲೆ ಬರಿಗಾಲು ಇಡಲಾಗದ ಬಿಸಿಲಿರಲಿ, ಜನವರಿಯ ಬೆಳಗಿನ ಚಳಿ ಇರಲಿ, ಕೆಳಗೆ ಎಲ್ಲ ಒಂದೇ ಹದ. ಆಸ್ಟ್ರೇಲಿಯಾದಲ್ಲಿ ಹಳದಿ ಚುಕ್ಕೆಯ ಒಂದು ಉಡ ಇದೆ. ಅದು ಸುರುಳಿ ಮೆಟ್ಟಿಲಿನ ಹಾಗೆ ಸುತ್ತುತ್ತ ಇಳಿಯುವ ಬಿಲ ತೋಡಿ 2ರಿಂದ 4 ಮೀಟರ್ ಆಳದಲ್ಲಿ ಮೊಟ್ಟೆ ಇಡುತ್ತದೆ. ಅಲ್ಲಿ ಎಂಟು ತಿಂಗಳ ಒಣ ಹವೆ. ಅಷ್ಟು ಆಳಕ್ಕೆ ಹೋದರೆ ಮಾತ್ರ ಮೊಟ್ಟೆಗೆ ಬೇಕಾದ ತೇವ ಕೊನೆತನಕ ಉಳಿಯುತ್ತದೆ. ನಮ್ಮಲ್ಲಿ ತಾಯಿಗೆ ಜಾಸ್ತಿ ನೀರಿನ ಚಿಂತೆ, ಅಲ್ಲಿ ಕಡಿಮೆ ನೀರಿನ ಚಿಂತೆ. ಎರಡಕ್ಕೂ ಉತ್ತರ ಜಾಗದ ಆಯ್ಕೆಯಲ್ಲೇ ಇದೆ.

ಇದನ್ನು ನಾನು ಕಲಿತದ್ದು ನಷ್ಟದಿಂದ. ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹೊಸತು. ರಸ್ತೆ ಅಗಲ ಮಾಡುವಾಗ ಸಿಕ್ಕ 22 ಉಡದ ಮೊಟ್ಟೆ ನಮ್ಮಲ್ಲಿಗೆ ಬಂದವು. ಜವಾಬ್ದಾರಿ ನನ್ನದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಮರಳು ಹಾಕಿ, ತೇವ ಆರಬಾರದು ಎಂದು ಮುಚ್ಚಳ ಬಿಗಿಯಾಗಿ ಮುಚ್ಚಿದೆ. ಉಷ್ಣತೆ ಸರಿ ಇತ್ತು. ಐದು ತಿಂಗಳು ಎಲ್ಲ ಚೆನ್ನಾಗಿತ್ತು. ಮೊಟ್ಟೆಗಳು ತುಂಬಿ ದುಂಡಗಾಗಿದ್ದವು. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿ ಕಟ್ಟಿ ಮೊಟ್ಟೆಯ ಮೇಲೆ ಬೀಳುತ್ತಿತ್ತು. ತೇವ ಇದೆಯಲ್ಲ, ಒಳ್ಳೆಯದೇ ಎಂದುಕೊಂಡೆ. ಆರನೇ ತಿಂಗಳಲ್ಲಿ ಒಂದೊಂದಾಗಿ ಕುಸಿಯತೊಡಗಿದವು. ತೆರೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿಗಳು. ಉಗುರು, ನಾಲಿಗೆ, ಬೆನ್ನಿನ ಹಳದಿ ಚುಕ್ಕೆ ಎಲ್ಲ ಮೂಡಿತ್ತು. ಒಂದೂ ಉಳಿಯಲಿಲ್ಲ. ಇವತ್ತಿಗೂ ಆ ಡಬ್ಬಿ ಕಣ್ಣ ಮುಂದೆ ಬರುತ್ತದೆ.

ಮೊಟ್ಟೆ ಉಸಿರಾಡುತ್ತದೆ. ಅದನ್ನು ನಾನು ಮರೆತಿದ್ದೆ. ಸಿಪ್ಪೆಯ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಹೋಗಬೇಕು. ಮೊದಲ ತಿಂಗಳುಗಳಲ್ಲಿ ಭ್ರೂಣ ಪುಟ್ಟದು, ಸ್ವಲ್ಪ ಗಾಳಿ ಸಾಕು. ಕೊನೆಯ ತಿಂಗಳಲ್ಲಿ ಒಳಗಿರುವುದು ಪೂರ್ಣ ಮರಿ, ಅದಕ್ಕೆ ಎಷ್ಟೋ ಪಟ್ಟು ಜಾಸ್ತಿ ಬೇಕು. ಆಗ ಸಿಪ್ಪೆಯ ಮೇಲೆ ನೀರಿನ ಪದರ ನಿಂತರೆ, ಡಬ್ಬಿಯ ಗಾಳಿ ಹಳತಾದರೆ, ಮರಿ ಉಸಿರುಗಟ್ಟಿ ಸಾಯುತ್ತದೆ. ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ: ಮೊಟ್ಟೆಗೆ ತೇವ ಬೇಕು, ನೀರು ಬೇಡ.

ಈ ಹದ ಹೇಗೆ ತಿಳಿಯುವುದು? ಪುಟ್ಟು ಮಾಡಲು ಅಕ್ಕಿ ಹಿಟ್ಟು ನೆನೆಸುವುದು ನೆನಪು ಮಾಡಿಕೊಳ್ಳಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ಆಗಬೇಕು, ಬೆರಳು ತಾಗಿಸಿದರೆ ಉದುರಬೇಕು. ನೀರು ಹನಿಯಬಾರದು. ಮೃಗಾಲಯಗಳಲ್ಲಿ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್ ಬಳಸುತ್ತಾರೆ. ಗಿಡ ಬೆಳೆಸುವ ಕುಂಡಕ್ಕೆ ಹಾಕುವ ಹಗುರ ಖನಿಜದ ಚೂರುಗಳು ಇವು. ನೀರು ಹೀರಿಟ್ಟುಕೊಂಡು ನಿಧಾನ ಬಿಡುತ್ತವೆ, ನಡುವೆ ಗಾಳಿಗೂ ಜಾಗ ಇರುತ್ತದೆ. 100 ಗ್ರಾಂ ವರ್ಮಿಕ್ಯುಲೈಟ್‌ಗೆ 80ರಿಂದ 100 ಗ್ರಾಂ ನೀರು, ತೂಕ ಮಾಡಿಯೇ ಹಾಕಬೇಕು. ಕಣ್ಣಂದಾಜು ಸಾಲದು. ಮೊಟ್ಟೆಯನ್ನು ಅರ್ಧ ಹೂತು ಅರ್ಧ ಹೊರಗೆ ಕಾಣುವಂತೆ, ಒಂದಕ್ಕೊಂದು ತಾಗದಂತೆ ಇಡಬೇಕು. ಒಂದು ಕೆಟ್ಟು ಬೂಸ್ಟು ಹಿಡಿದರೆ ಪಕ್ಕದ್ದಕ್ಕೆ ಹರಡದಿರಲಿ ಎಂದು. ಡಬ್ಬಿಯನ್ನು ತೂಕ ಮಾಡಿ ಬರೆದಿಟ್ಟರೆ ಮುಂದಿನ ತಿಂಗಳು ಎಷ್ಟು ನೀರು ಆರಿದೆ ಎಂದು ಲೆಕ್ಕ ಸಿಗುತ್ತದೆ. ಅಷ್ಟನ್ನೇ, ಮೊಟ್ಟೆಗೆ ತಾಗದಂತೆ ಅಂಚಿನಲ್ಲಿ ಸೇರಿಸಬೇಕು. ಮುಚ್ಚಳದಲ್ಲಿ ಸಣ್ಣ ತೂತುಗಳಿರಬೇಕು, ವಾರಕ್ಕೊಮ್ಮೆ ತೆರೆದು ಗಾಳಿ ಆಡಿಸಬೇಕು. ಕೊನೆಯ ತಿಂಗಳು ಇನ್ನೂ ಹೆಚ್ಚು ಸಲ.

ಉಷ್ಣತೆ ಇಡೀ ಆರೇಳು ತಿಂಗಳು ಒಂದೇ ಸಮ ಇರಬೇಕು. ಇಲ್ಲಿ ನಮ್ಮೂರಿನ ತೊಂದರೆ ಕರೆಂಟ್. ಗಾಳಿ ಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಒಂದೊಂದು ಸಲ ಇಡೀ ದಿನ ಇರುವುದಿಲ್ಲ. ಪೆಟ್ಟಿಗೆಯೊಳಗೆ ನೀರು ತುಂಬಿದ ನಾಲ್ಕೈದು ಬಾಟಲಿ ಇಟ್ಟರೆ ಅವು ಶಾಖ ಹಿಡಿದಿಟ್ಟುಕೊಂಡು ನಿಧಾನ ಬಿಡುತ್ತವೆ. ನನಗೆ ಕರೆಂಟ್ ಹೋಗುವುದಕ್ಕಿಂತ ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೆಡುವುದೇ ಜಾಸ್ತಿ ಭಯ. ಕೆಲವು ಗಂಟೆ 24 ಡಿಗ್ರಿಗೆ ಇಳಿದರೆ ಮೊಟ್ಟೆ ತಡೆದುಕೊಳ್ಳುತ್ತದೆ, ಬೆಳವಣಿಗೆ ಸ್ವಲ್ಪ ನಿಧಾನ ಆಗುತ್ತದೆ ಅಷ್ಟೇ. 35ಕ್ಕೆ ಏರಿದರೆ ತಡೆಯುವುದಿಲ್ಲ. ಬೇಗ ಮರಿ ಆಗಲಿ ಎಂದು ಎರಡು ಡಿಗ್ರಿ ಏರಿಸುವವರೂ ಇದ್ದಾರೆ. ಮರಿ ಬೇಗ ಬರುತ್ತದೆ ನಿಜ, ಬಾಲ ಸೊಟ್ಟ, ಮೈ ಸಣಕಲು. ಈ ಆತುರ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಒಂದು ವಿಷಯ ಇಲ್ಲಿ ಹೇಳಬೇಕು. ಮೊಸಳೆಯಲ್ಲಿ ಮೊಟ್ಟೆಯ ಉಷ್ಣತೆ ನೋಡಿ ಗಂಡೋ ಹೆಣ್ಣೋ ನಿರ್ಧಾರ ಆಗುತ್ತದೆ. ಉಡದಲ್ಲಿ ಹಾಗಲ್ಲ. ಕೋಳಿಯ ಹಾಗೆ ತಾಯಿಯ ವರ್ಣತಂತುವಿನಲ್ಲೇ (ಕ್ರೋಮೋಸೋಮ್) ಅದು ತೀರ್ಮಾನ ಆಗಿರುತ್ತದೆ. ಇದರಿಂದ ಒಂದು ವಿಚಿತ್ರವೂ ಆಗಿದೆ. 2006ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದಲ್ಲಿ ಗಂಡಿನ ಸಂಗವೇ ಇಲ್ಲದ ಒಂದು ಕೊಮೊಡೊ ಉಡ ಮೊಟ್ಟೆ ಇಟ್ಟಿತು. ಪರೀಕ್ಷೆ ಮಾಡಿದಾಗ ಭ್ರೂಣಗಳಿಗೆ ಅಪ್ಪನೇ ಇಲ್ಲ, ತಾಯಿಯ ವಂಶವಾಹಿ ಮಾತ್ರ! ಹಾಗೆ ಹುಟ್ಟುವ ಮರಿಗಳೆಲ್ಲ ಗಂಡೇ. ಯಾಕೆ ಎಂದರೆ ಉಡಗಳಲ್ಲಿ ಬೇರೆ ಬೇರೆ ಎರಡು ವರ್ಣತಂತು ಇರುವುದು ಹೆಣ್ಣಿಗೆ, ಒಂದೇ ಬಗೆಯ ಎರಡು ಇರುವುದು ಗಂಡಿಗೆ. ಇಂಥ ಮೊಟ್ಟೆಯಲ್ಲಿ ಒಂದೇ ಬಗೆಯದು ಇಮ್ಮಡಿ ಆಗುತ್ತದೆ.

ಮರಿ ಹೊರಬರುವ ದಿನ ಹತ್ತಿರ ಆದಾಗ ಮೊಟ್ಟೆ ಬೆವರಿದ ಹಾಗೆ ಕಾಣುತ್ತದೆ, ಸ್ವಲ್ಪ ಒಳಗೆ ತಗ್ಗುತ್ತದೆ. ಮೂತಿಯ ತುದಿಯ ಪುಟ್ಟ ಹಲ್ಲಿನಿಂದ ಮರಿ ಸಿಪ್ಪೆ ಸೀಳುತ್ತದೆ. ತಲೆ ಹೊರಗೆ ಹಾಕಿ ಒಂದು ದಿನ, ಎರಡು ದಿನ ಹಾಗೇ ಇರುತ್ತದೆ. ನೋಡುವವರಿಗೆ ಸಿಕ್ಕಿಹಾಕಿಕೊಂಡಿದೆ ಎನಿಸುತ್ತದೆ. ಎಳೆಯಲು ಕೈ ತುರಿಸುತ್ತದೆ. ಎಳೆಯಬಾರದು. ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೆಳೆದುಕೊಳ್ಳುವ ಸಮಯ ಅದು. ಎಳೆದರೆ ರಕ್ತನಾಳ ಹರಿಯುತ್ತದೆ. ಆ ಹಳದಿ ಇರುವುದರಿಂದ ಮೊದಲ ಕೆಲವು ದಿನ ಊಟವೂ ಬೇಡ. ಆಮೇಲೆ ಮಿಡತೆ, ಚಿಟ್ಟೆಹುಳು, ಜಿರಲೆ. ಮರಿಗಳ ಮೈ ದೊಡ್ಡ ಉಡದ ಹಾಗೆ ಮಣ್ಣು ಬಣ್ಣ ಅಲ್ಲ. ಕಪ್ಪು ಮೈ ಮೇಲೆ ಹಳದಿ ಚುಕ್ಕೆ, ಪಟ್ಟೆ, ನೋಡಲು ತುಂಬಾ ಚೆಂದ. ಬೇರೆ ಯಾವುದೋ ವಿಷದ ಪ್ರಾಣಿ ಎಂದು ಜನ ಇವನ್ನೇ ಹೊಡೆದು ಸಾಯಿಸುತ್ತಾರೆ. ದಯವಿಟ್ಟು ನಿಮ್ಮ ಮನೆ ಮಕ್ಕಳಿಗೂ ಇದನ್ನು ಹೇಳಿ.

ಜೋಡಿ ಸಾಕುವ ಆಸೆ ನಿಮ್ಮದು. ಕಾನೂನು ಬದಿಗಿಟ್ಟೇ ಹೇಳುತ್ತೇನೆ, ಅನುಮತಿ ಇರುವ ಮೃಗಾಲಯಗಳಿಗೂ ಇದು ಸುಲಭದ ಕೆಲಸ ಅಲ್ಲ. ಮೊದಲನೆಯದಾಗಿ, ನಿಮ್ಮ ಕೈಯಲ್ಲಿರುವುದು ಜೋಡಿಯೇ ಹೌದಾ ಎಂದು ತಿಳಿಯುವುದೇ ಕಷ್ಟ. ಹೊರಗಿನಿಂದ ಗಂಡು ಹೆಣ್ಣು ಒಂದೇ ಥರ. ಗಂಡಿನ ಬಾಲದ ಬುಡ ಸ್ವಲ್ಪ ದಪ್ಪ ಎನ್ನುವುದನ್ನು ನಂಬಿ ಮೋಸ ಹೋದವರು ಬಹಳ ಮಂದಿ. ಎಕ್ಸ್‌ರೇ, ಸ್ಕ್ಯಾನಿಂಗ್ ಮಾಡಿಸಬೇಕಾಗುತ್ತದೆ. ಎರಡು ಗಂಡು ಒಟ್ಟಿಗೆ ಆದರೆ ಕುಸ್ತಿ ಶುರು. ಹಿಂಗಾಲಲ್ಲಿ ನಿಂತು ಒಂದನ್ನೊಂದು ತಬ್ಬಿ ಹಿಡಿದು ಬೀಳಿಸಲು ನೋಡುತ್ತವೆ. ತೋಟದಲ್ಲಿ ಇದನ್ನು ನೋಡಿದವರು ಪ್ರೀತಿ ಎಂದುಕೊಳ್ಳುತ್ತಾರೆ. ಬಹುಪಾಲು ಅದು ಗಂಡುಗಳ ಜಗಳ.

ಆದರೆ ನಿಜವಾದ ಕಷ್ಟ ಹೆಣ್ಣಿನದು. ಬಂಧನದಲ್ಲಿರುವ ಹೆಣ್ಣು ಉಡಗಳು ಸಾಯುವ ದೊಡ್ಡ ಕಾರಣಗಳಲ್ಲಿ ಒಂದು ಮೊಟ್ಟೆ ಹೊಟ್ಟೆಯಲ್ಲೇ ಕಟ್ಟಿಕೊಳ್ಳುವುದು. ಕೋಳಿಗೂ ಒಮ್ಮೊಮ್ಮೆ ಆಗುತ್ತದಲ್ವಾ, ಅದೇ. ಉಡದಲ್ಲಿ ಇದರ ಮೂಲ ಹೆಚ್ಚಾಗಿ ಮಣ್ಣಿನಲ್ಲೇ ಇರುತ್ತದೆ. ಹೆಣ್ಣು ಉಡ ಮೊಟ್ಟೆ ಇಡುವ ಮೊದಲು ಹಲವು ಕಡೆ ತೋಡಿ ನೋಡುತ್ತದೆ. ಶಾಖ ಸರಿ ಇಲ್ಲ, ಬಿಡುತ್ತದೆ. ಒಣಗಿದೆ, ಬಿಡುತ್ತದೆ. ಗೋಡೆ ಕುಸಿಯುತ್ತದೆ, ಬಿಡುತ್ತದೆ. ಸಿಮೆಂಟ್ ನೆಲದ ಮೇಲೆ ಅರ್ಧ ಅಡಿ ಮರಳು ಹಾಕಿದ ಗೂಡಿನಲ್ಲಿ ಅದಕ್ಕೆ ಎಲ್ಲೂ ಸರಿಯಾದ ಜಾಗ ಸಿಗುವುದಿಲ್ಲ. ಮೊಟ್ಟೆ ಇಡದೆ ಹಿಡಿದುಕೊಳ್ಳುತ್ತದೆ. ದಿನ ಕಳೆದಂತೆ ಊಟ ಬಿಡುತ್ತದೆ, ಕಣ್ಣು ಗುಳಿ ಬೀಳುತ್ತದೆ. ಕೊನೆಗೆ ಶಸ್ತ್ರಚಿಕಿತ್ಸೆ ಒಂದೇ ದಾರಿ, ಅದೂ ಸಮಯಕ್ಕೆ ಆದರೆ. ಅಥವಾ ಎಲ್ಲೆಂದರಲ್ಲಿ, ನೀರಿನ ತೊಟ್ಟಿಯಲ್ಲೂ ಹಾಕಿಬಿಡುತ್ತದೆ. ಸವಾನ್ನಾ ಉಡವನ್ನು ಪಶ್ಚಿಮ ಆಫ್ರಿಕಾದಿಂದ ಸಾವಿರಗಟ್ಟಲೆ ಹೊರಗೆ ಕಳಿಸುತ್ತಾ ಬಂದಿದ್ದಾರೆ. ಆದರೂ ಸಾಕುವವರ ಮನೆಯಲ್ಲಿ ಮರಿ ಆಗುವುದು ಅಪರೂಪ. ಅದು ಬಿಲದ ಪ್ರಾಣಿ. ಗಾಜಿನ ತೊಟ್ಟಿಯಲ್ಲಿ ಮರದ ತೊಗಟೆ ಚೂರು ಹಾಸಿ ಇಟ್ಟರೆ ಅದಕ್ಕೆ ತೋಡಲು ಏನೂ ಇಲ್ಲ.

ಗೆದ್ದ ಮೃಗಾಲಯಗಳು ಮಾಡಿದ್ದು ಇಷ್ಟೇ. ಕನಿಷ್ಠ ಎರಡು ಅಡಿ ಆಳದ, ಜೇಡಿ ಬೆರೆತ, ಬಿಲ ತೋಡಿದರೆ ಕುಸಿಯದ ತೇವದ ಮಣ್ಣು. ಅದರ ಒಳಗೆ 28ರಿಂದ 30 ಡಿಗ್ರಿ. ಮೇಲೆ ಒಂದು ಕಡೆ ಬಿಸಿಲು ಕಾಯಲು 50 ಡಿಗ್ರಿ ದಾಟುವ ಕಲ್ಲು, ಇನ್ನೊಂದು ಕಡೆ ತಂಪು ನೆರಳು. ಇಲಿ ಮಾತ್ರ ತಿನ್ನಿಸಿ ಕೊಬ್ಬಿಸದೆ ಹುಳ, ಏಡಿ, ಮೀನು, ಮೊಟ್ಟೆ ಎಲ್ಲ ಸೇರಿದ ಊಟ. ಕುಡಿಯಲು, ಮುಳುಗಲು ನೀರು. ನೀರು ಸಾಲದೆ ಗೌಟ್, ಅಂದರೆ ಯೂರಿಕ್ ಆಮ್ಲ ಮೈಯೊಳಗೆ ಕಟ್ಟಿಕೊಳ್ಳುವ ಕಾಯಿಲೆ, ಬಂದು ಸತ್ತ ಉಡಗಳನ್ನು ನಾನೇ ಕೊಯ್ದು ನೋಡಿದ್ದೇನೆ. ಮೂತ್ರಪಿಂಡದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಇಷ್ಟೆಲ್ಲ ಒಂದು ಕೋಣೆಯಷ್ಟು ಜಾಗದಲ್ಲಿ, ಐದೂಮುಕ್ಕಾಲು ಅಡಿಯವರೆಗೂ ಬೆಳೆಯಬಹುದಾದ, 20 ವರ್ಷ ದಾಟಿ ಬದುಕಬಲ್ಲ ಒಂದು ಪ್ರಾಣಿಗೆ. ನಿಮ್ಮ ಗುಡ್ಡೆ ಇದನ್ನೆಲ್ಲ ಖರ್ಚಿಲ್ಲದೆ ಕೊಡುತ್ತಿದೆ ಮಾರಾಯ್ರೆ.

ಹಾಗಾಗಿ ಉಳಿದ ಗುಡ್ಡೆಯ ಬಗ್ಗೆ ಒಂದು ಕೇಳಿಕೆ. ಜೆಸಿಬಿ ಇನ್ನೂ ಅಲ್ಲೇ ಇದ್ದರೆ, ಹುತ್ತಗಳಿರುವ ಅಂಚನ್ನು ಬೇಸಗೆ ಮುಗಿಯುವವರೆಗೆ ಬಿಡಿ. ಒಂದು ಹೆಣ್ಣು ಅಲ್ಲಿ ಮೊಟ್ಟೆ ಇಟ್ಟಿದೆ ಎಂದರೆ ಜಾಗ ಒಳ್ಳೆಯದು ಎಂದರ್ಥ, ಇನ್ನೊಂದೂ ಇಟ್ಟಿರಬಹುದು. ಮುಂದೆ ಎಂದಾದರೂ ಗೂಡು ಬಾಯಿ ತೆರೆದದ್ದು ಮಾತ್ರ ಕಂಡರೆ, ಮೊಟ್ಟೆ ಅಲುಗದೇ ಇದ್ದರೆ, ಅದೇ ಮಣ್ಣನ್ನು ಮೆಲ್ಲಗೆ ಮುಚ್ಚಿ ಮೇಲೆ ಒಂದೆರಡು ಮುರಕಲ್ಲು ಇಟ್ಟು ಬಿಡಿ. ನಾಯಿ ಕೆದಕುವುದಿಲ್ಲ. ಬಿಲದಲ್ಲಿ ದೊಡ್ಡ ಉಡ ಕಂಡರೆ ಬಾಲ ಹಿಡಿದು ಎಳೆಯಬೇಡಿ. ಉಡದ ಪಟ್ಟು ಎನ್ನುವ ಮಾತು ಸುಮ್ನೆ ಬಂದದ್ದಲ್ಲ. ಮೈ ಉಬ್ಬಿಸಿ, ಉಗುರು ಕಚ್ಚಿ ಕೂತರೆ ಬಾಲ ಕಿತ್ತುಬಂದರೂ ಅದು ಬರುವುದಿಲ್ಲ. ಹಲ್ಲಿಯ ಬಾಲದ ಹಾಗೆ ಅದು ಮತ್ತೆ ಚಿಗುರುವುದೂ ಇಲ್ಲ.

ಬಕೆಟ್ ಸಾಗಿಸುವಾಗ ಬೈಕ್ ಬೇಡ. ಕಾರಿನಲ್ಲಿ ಯಾರಾದರೂ ತೊಡೆಯ ಮೇಲೆ ಇಟ್ಟುಕೊಂಡು ಕೂರಲಿ, ಏಸಿ ಹಾಕಬೇಡಿ. ಮತ್ತೆ, ಒಯ್ಯುವವರ ಕೈಗೆ ಒಂದು ಚೀಟಿ ಕೊಡಿ. ಮೊಟ್ಟೆ ಸಿಕ್ಕ ದಿನ, ಹುತ್ತ ಇಳಿಜಾರಿನ ಯಾವ ದಿಕ್ಕಿಗಿತ್ತು, ಮೇಲಿನಿಂದ ಎಷ್ಟು ಅಡಿ ಕೆಳಗಿತ್ತು, ಮಣ್ಣು ಒದ್ದೆ ಇತ್ತಾ ಒಣಗಿತ್ತಾ, ಜೆಸಿಬಿಯಿಂದ ಬಕೆಟ್‌ಗೆ ಹಾಕುವಾಗ ಎಷ್ಟು ಮಗುಚಿದವು. ನೆನಪಿದ್ದಷ್ಟು ಬರೆಯಿರಿ. ಹುತ್ತದ ಮಣ್ಣು ಇನ್ನೊಂದು ಚೀಲ ತುಂಬಿ ಜೊತೆಗೆ ಕಳಿಸಿ. ಇನ್ನು ಮುಂದೆ ಕೆಲವು ತಿಂಗಳು ಆ 17 ಮೊಟ್ಟೆಗಳನ್ನು ನೋಡಿಕೊಳ್ಳುವವರಿಗೆ ಅದಕ್ಕಿಂತ ಬೇಕಾದ ವಸ್ತು ಬೇರೆ ಇರುವುದಿಲ್ಲ.